ಜಿಮ್ನಿ ಕಿಟ್‌ನಿಂದ ಉದ್ದದ ಜಿಪ್ಸಿ: ಕತ್ತರಿಸುವುದು, ಬೆಸೆಯುವುದು, ಬಣ್ಣ ಹಾಕುವುದು

ಆಲಿವ್ ಹಸಿರು:

ಹಾಸೆಗಾವಾ ಕಂಪನಿಯ 1/24 ಅಳತೆಯ ಸುಜುಕಿ ಜಿಮ್ನಿ ಜೆಎ11 ಕಾರಿನ, ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿಯ ಕಿಟ್ ಒಂದು ನನ್ನ ಕೈಗೆ ಬಂದಿದೆ. ಅದನ್ನು ಪೆಟ್ಟಿಗೆಯ ಮೇಲಿನ ಚಿತ್ರದಂತೆಯೇ ಕಟ್ಟುವ ಮನಸ್ಸಿಲ್ಲ. 1985ರ ಕೊನೆಯಲ್ಲಿ ನಮ್ಮ ರಸ್ತೆಗೆ ಬಂದು ಮೂರು ದಶಕಕ್ಕೂ ಮೀರಿ ಸೇನೆ, ಪೊಲೀಸು, ಅರಣ್ಯ ಇಲಾಖೆ ಮತ್ತು ರ್‍ಯಾಲಿ ಓಟಗಾರರ ಬಳಿ ದುಡಿದ ಮಾರುತಿ ಜಿಪ್ಸಿಯನ್ನು ಅದರಿಂದ ಮಾಡಬೇಕೆಂಬುದು ನನ್ನ ಆಸೆ. ಎರಡೂ ಒಂದೇ ವಂಶದ ವಾಹನಗಳು; ಎರಡಕ್ಕೂ ಸ್ಟಿಯರಿಂಗ್ ಬಲಗಡೆಗೇ ಇದೆ. ಅಮೆರಿಕದ ಕಿಟ್‌ಗಳನ್ನು ನಮ್ಮ ಕಾರುಗಳಾಗಿ ಮಾರ್ಪಡಿಸುವಾಗ ಡ್ಯಾಶ್‌ಬೋರ್ಡನ್ನು ತಿರುವುಮುರುವು ಮಾಡುವ ಕಷ್ಟ ಇಲ್ಲಿಲ್ಲ.

ತೊಡಕಿರುವುದು ಉದ್ದದಲ್ಲಿ. ಜೆಎ11 ಜಿಮ್ನಿಯ ಗಾಲಿಯಂತರ (ಮುಂದಿನ, ಹಿಂದಿನ ಗಾಲಿಗಳ ನಡುಬಿಂದುಗಳ ಅಂತರ) 2030 ಮಿ.ಮೀ., ಜಿಪ್ಸಿಯದು 2375 ಮಿ.ಮೀ. ಮೈಯನ್ನೂ ಚಾಸಿಯನ್ನೂ ಕತ್ತರಿಸಿ ನಡುವೆ ತುಂಡು ಸೇರಿಸದೆ ಬೇರೆ ದಾರಿ ಕಾಣುತ್ತಿಲ್ಲ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿದ ಮೇಲೆ, ಹಾಳಾದರೆ ಇನ್ನೊಂದು ತರಿಸೋಣ ಎನ್ನುವ ಧೈರ್ಯ ನನಗಿಲ್ಲ. ಆದ್ದರಿಂದ ಗರಗಸ ಹಿಡಿಯುವ ಮೊದಲೇ ಕೇಳುತ್ತಿದ್ದೇನೆ: ಎಲ್ಲಿ ಕತ್ತರಿಸಬೇಕು, ಬೆಸುಗೆಯ ಗೆರೆ ಬಣ್ಣದಡಿ ಮತ್ತೆ ಕಾಣಿಸಿಕೊಳ್ಳದಂತೆ ಏನು ಮಾಡಬೇಕು? ಸೇನೆಯ ಮಂಕು ಹಸಿರನ್ನು ಆರಿಸಿಕೊಂಡರೆ ಸಣ್ಣಪುಟ್ಟ ಏರುತಗ್ಗುಗಳು ಮುಚ್ಚಿಹೋಗುತ್ತವೆ ಎಂಬ ನನ್ನ ಲೆಕ್ಕ ಸರಿಯೇ?

ಇಪ್ಪತ್ನಾಲ್ಕನೇ ಪಾಲು:

ವ್ಯತ್ಯಾಸ 345 ಮಿ.ಮೀ.; ಅದನ್ನು 24ರಿಂದ ಭಾಗಿಸಿದರೆ 14.4 ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ. ಆದರೆ ಸೇರಿಸಬೇಕಾದ ತುಂಡಿನ ಅಗಲ ಅಷ್ಟೇ ಅಲ್ಲ. ತೆಳು ಗರಗಸ ಕೂಡ ಕಾಲು ಮಿ.ಮೀ.ನಷ್ಟು ಪ್ಲಾಸ್ಟಿಕ್ಕನ್ನು ಪುಡಿ ಮಾಡಿ ತಿನ್ನುತ್ತದೆ, ಅಂಚನ್ನು ಸಮ ಮಾಡುವಾಗ ಉಜ್ಜುಕಾಗದ ಇನ್ನಷ್ಟು ತಿನ್ನುತ್ತದೆ. ಹೀಗಾಗಿ ತುಂಡನ್ನು 15 ಮಿ.ಮೀ. ಅಗಲಕ್ಕೆ ಕತ್ತರಿಸಿಕೊಂಡು, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುಬಿಂದುಗಳ ಅಂತರ 99 ಮಿ.ಮೀ. ಬರುವವರೆಗೆ ಉಜ್ಜುತ್ತ ಹೋಗುವುದು ಲೇಸು. ಅಳೆಯಬೇಕಾದದ್ದು ಯಾವಾಗಲೂ ಆ ಕೊನೆಯ ಅಂತರವನ್ನು, ತುಂಡನ್ನಲ್ಲ.

ಕತ್ತರಿಸುವ ಜಾಗದ ಬಗ್ಗೆ ಅನುಮಾನ ಬೇಡ. ಉದ್ದದ ಮಾದರಿಯಲ್ಲಿ ಬಾಗಿಲು ಬೆಳೆದಿಲ್ಲ, ಹಿಂಗಾಲಿಯ ಕಮಾನೂ ಬದಲಾಗಿಲ್ಲ. ಇವೆರಡರ ನಡುವಿನ ತಗಡು ಮಾತ್ರ ಉದ್ದವಾಗಿದೆ. ಬಾಗಿಲಿನ ಹಿಂದಂಚಿಗೂ ಕಮಾನಿಗೂ ನಡುವೆ ಲಂಬವಾಗಿ ಒಂದೇ ನೇರ ಗೆರೆಯಲ್ಲಿ ಕತ್ತರಿಸಿ. ಚಾಸಿಯನ್ನು ಮಾತ್ರ ಅದೇ ಗೆರೆಯಲ್ಲಿ ಕತ್ತರಿಸಬೇಡಿ. ಸ್ವಲ್ಪ ಮುಂದೆ ಕತ್ತರಿಸಿದರೆ ಮೈಯ ದುರ್ಬಲ ಜಾಗಕ್ಕೆ ಚಾಸಿಯ ಗಟ್ಟಿ ಜಾಗ ಆಸರೆಯಾಗುತ್ತದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನೂ ಅಷ್ಟೇ ಉದ್ದ ಮಾಡಬೇಕಾಗುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ ಎನ್ನುವವರಿದ್ದಾರೆ. ಕಟ್ಟಿದವನ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಹೆಚ್ಚಿನವರು ಯೋಚಿಸದೆ ಬಿಡುವುದು ಕೆಲಸದ ಕ್ರಮವನ್ನು. ನಿಮಗೆ ಬೇಕಿರುವುದು ಕ್ಯಾನ್ವಾಸ್ ಮಾಡಿನ ಜಿಪ್ಸಿಯಾದರೆ ಕಿಟ್‌ನ ಗಟ್ಟಿ ಮಾಡನ್ನು ಕಡೆಗೆ ತೆಗೆದುಹಾಕಬೇಕು. ಅದನ್ನು ಮೊದಲೇ ತೆಗೆದರೆ ಮೈ ಒಂದು ತೆರೆದ ತೊಟ್ಟಿಯಾಗಿ, ಮುಟ್ಟಿದ ಕಡೆಯೆಲ್ಲ ಬಾಗುತ್ತದೆ. ಮಾಡು ಇರುವಾಗಲೇ ಉದ್ದ ಮಾಡಿ, ದಪ್ಪ ಗಾಜಿನ ಮೇಲೆ ಮೂಲೆಮಟ್ಟ ಇಟ್ಟು ಎರಡು ಅರ್ಧಗಳನ್ನು ನೇರಕ್ಕೆ ತಂದು ಬೆಸೆದು, ಒಳಗೆ ಅಡ್ಡಪಟ್ಟಿಗಳನ್ನು ಕೊಟ್ಟು, ಬೆಸುಗೆ ಪೂರ್ತಿ ಗಟ್ಟಿಯಾದ ಮೇಲೆಯೇ ಮಾಡನ್ನು ಬೇರ್ಪಡಿಸಿ. ಬಾಗಿಲ ಕಿಟಕಿಯ ಚೌಕಟ್ಟು ಉಳಿಯಬೇಕೇ ಬೇಡವೇ ಎಂಬುದನ್ನು ನೀವು ಆರಿಸಿಕೊಂಡ ವಾಹನದ ಚಿತ್ರವೇ ಹೇಳಬೇಕು. ಗ್ರಿಲ್ಲನ್ನು ಬೇರೆ ಮಾಡಿಕೊಳ್ಳಬೇಕಾಗುತ್ತದೆ. ಎಂಜಿನ್ನಿನ ಚಿಂತೆ ಬೇಡ. ಬಾನೆಟ್ ಮುಚ್ಚಿಟ್ಟರೆ ಜಪಾನಿನ 657 ಸಿಸಿ ಟರ್ಬೊಗೂ ನಮ್ಮ ನಾಲ್ಕು ಸಿಲಿಂಡರಿಗೂ ಭೇದವಿಲ್ಲ.

ಒಂದು ಎಚ್ಚರಿಕೆ: 1993ರಲ್ಲಿ ಬಂದ ಅಗಲ ಟ್ರ್ಯಾಕಿನ (ಎಡ, ಬಲ ಗಾಲಿಗಳ ಅಂತರ ಹೆಚ್ಚಿರುವ) ಜಿಪ್ಸಿಯನ್ನು ಮಾಡಹೊರಟರೆ ಗಾಲಿಗಳನ್ನೂ ಹೊರಕ್ಕೆ ತರಬೇಕು. ಮೊದಲ ಪ್ರಯತ್ನಕ್ಕೆ ಆರಂಭದ ಕಿರಿದು ಮಾದರಿಯೇ ಸಾಕು.

ಹಮಾಮಾತ್ಸು ಕನ್ನಡಿಗ:

ಕೆಲಸದ ನಿಮಿತ್ತ ನಾನಿರುವ ಊರೇ ಸುಜುಕಿಯ ಕೇಂದ್ರ ಸ್ಥಾನ. ಇಲ್ಲಿಂದ ಷಿಜುವೋಕಾ ನಗರಕ್ಕೆ ಹೋಗುವ ರೈಲುದಾರಿಯಲ್ಲಿ ಯಾಯಿಜು ಎಂಬ ಮೀನುಗಾರರ ಪಟ್ಟಣ ಬರುತ್ತದೆ. ಹಾಸೆಗಾವಾ ಇರುವುದು ಅಲ್ಲಿ. ನಿಜವಾದ ಜಿಮ್ನಿಯನ್ನು ರೂಪಿಸಿದ ಕಂಪನಿಯೂ ಅದರ ಇಪ್ಪತ್ನಾಲ್ಕನೇ ಒಂದು ಪಾಲನ್ನು ಅಚ್ಚು ಹಾಕಿದ ಕಂಪನಿಯೂ ಒಂದೇ ಪ್ರಾಂತಕ್ಕೆ ಸೇರಿವೆ. ಟಾಮಿಯಾ, ಆವೋಷಿಮಾ, ಫುಜಿಮಿ ಇವೆಲ್ಲ ಷಿಜುವೋಕಾ ನಗರದವೇ. ಟಾಮಿಯಾ 1946ರಲ್ಲಿ ಮರದ ವ್ಯಾಪಾರವಾಗಿ ಆರಂಭವಾಗಿ, ಮರದ ಮಾದರಿಗಳಿಂದ ಪ್ಲಾಸ್ಟಿಕ್ಕಿಗೆ ಬಂದದ್ದು 1960ರಲ್ಲಿ, ಯಮಾಟೊ ಯುದ್ಧನೌಕೆಯ ಕಿಟ್‌ನೊಂದಿಗೆ. 1967ರಲ್ಲಿ ಅದು ಹೊರತಂದ 1/12 ಅಳತೆಯ ಹೋಂಡಾ ಎಫ್1 ಕಾರಿನ ಹೆಸರನ್ನು ಇಲ್ಲಿನ ಹಿರಿಯ ಹವ್ಯಾಸಿಗಳು ಈಗಲೂ ಆದರದಿಂದ ಎತ್ತುತ್ತಾರೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಷಿಜುವೋಕಾದಲ್ಲಿ ನಡೆಯುವ ಹಾಬಿ ಪ್ರದರ್ಶನಕ್ಕೆ ಹೋದರೆ, ಕಂಪನಿಗಳ ಮಳಿಗೆಗಳಿಗಿಂತ ಹವ್ಯಾಸಿಗಳು ತಂದಿಟ್ಟ ಮೇಜುಗಳ ಮುಂದೆಯೇ ಹೊತ್ತು ಕಳೆಯುತ್ತದೆ.

ಜಪಾನಿನ ಅತಿ ಚಿಕ್ಕ ಕಾರುಗಳ ವರ್ಗವಾದ ‘ಕೀ’ ಕಾರಿನ ಅಗಲಕ್ಕೆ ಆ ಕಾಲದಲ್ಲಿ 1.4 ಮೀಟರಿನ ಕಾನೂನು ಮಿತಿ ಇತ್ತು. ಜೆಎ11 ಅದರೊಳಗೇ ಇರುವಂತೆ ಮಾಡಿದ ಗಾಡಿ. ಆದ್ದರಿಂದ ಮೇಲಿನವರು ಹೇಳಿದ ಟ್ರ್ಯಾಕಿನ ಮಾತಿನ ಜೊತೆಗೆ, ಬಂಪರ್ ಮತ್ತು ಕಮಾನಿನ ಅಂಚುಗಳನ್ನೂ ಚಿತ್ರದೊಂದಿಗೆ ಹೋಲಿಸಿ ನೋಡಿ. ಸುಜುಕಿಯ ವಸ್ತುಸಂಗ್ರಹಾಲಯ ನನಗೆ ಹತ್ತಿರವೇ ಇದೆ. ಹಳೆಯ ಜಿಮ್ನಿಯ ಯಾವುದಾದರೂ ಭಾಗದ ಹತ್ತಿರದ ಚಿತ್ರ ಬೇಕಿದ್ದರೆ ತಿಳಿಸಿ.

ಜೆ.ಸಿ. ರಸ್ತೆಯ ಪೇಂಟರ್:

ನಾನು ನಿಜವಾದ ಕಾರುಗಳಿಗೆ ಬಣ್ಣ ಹೊಡೆಯುವವನು. ಮಾದರಿ ಕಟ್ಟುವುದು ರಾತ್ರಿಯ ಚಟ. ಮಂಕು ಬಣ್ಣ ಏರುತಗ್ಗನ್ನು ಮುಚ್ಚುತ್ತದೆಯೇ ಎಂದು ಕೇಳಿದ್ದೀರಿ. ಅರ್ಧ ಸತ್ಯ. ಹೊಳಪಿಲ್ಲದ ಮೇಲ್ಮೈಯಲ್ಲಿ ದೀಪದ ಪ್ರತಿಬಿಂಬ ಮೂಡುವುದಿಲ್ಲವಾದ್ದರಿಂದ ಅಗಲವಾದ, ಮೆಲುವಾದ ಅಲೆ ಕಾಣುವುದಿಲ್ಲ. ಆದರೆ ಬೆಸುಗೆಯ ಗೆರೆ, ಪುಟ್ಟಿ ಕುಗ್ಗಿದ ತಗ್ಗು, ಉಜ್ಜುಕಾಗದದ ಗೀರು ಇವೆಲ್ಲಕ್ಕೂ ಅಂಚು ಇದೆ. ಅಂಚಿಗೆ ನೆರಳು ಇದೆ. ಪಕ್ಕದಿಂದ ಬೆಳಕು ಬಿದ್ದ ಕೂಡಲೇ ಹಸಿರಿರಲಿ ಕಪ್ಪಿರಲಿ ಅದು ಎದ್ದು ಕಾಣುತ್ತದೆ.

ನಮ್ಮ ಕೆಲಸದಲ್ಲಿ ಗೈಡ್ ಕೋಟ್ ಎಂಬುದೊಂದಿದೆ. ಬೂದು ಪ್ರೈಮರ್ ಒಣಗಿದ ಮೇಲೆ ಅದರ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ತೆಳ್ಳಗೆ ಉದುರಿಸಿ, ಚಪ್ಪಟೆ ಹಿಡಿಕೆಗೆ ಸುತ್ತಿದ ಕಾಗದದಿಂದ ನೀರು ಹಚ್ಚಿ ಉಜ್ಜಿದರೆ, ಎತ್ತರದ ಜಾಗದಲ್ಲಿ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಉಳಿದುಕೊಳ್ಳುತ್ತದೆ. ಎಲ್ಲಿ ಇನ್ನೂ ತುಂಬಬೇಕೆಂದು ಮೈಯೇ ತೋರಿಸಿಕೊಡುತ್ತದೆ. 1/24 ಅಳತೆಯಲ್ಲೂ ಈ ವಿಧಾನ ಹಾಗೆಯೇ ನಡೆಯುತ್ತದೆ; ಬೆರಳಿನಿಂದ ಮಾತ್ರ ಉಜ್ಜಬೇಡಿ, ಬೆರಳು ತಗ್ಗಿನೊಳಕ್ಕೂ ಇಳಿದು ಮೋಸ ಮಾಡುತ್ತದೆ.

ನಮ್ಮ ಅಂಗಡಿಗಳಲ್ಲಿ ಕಾರಿನ ಸಂಕೇತ ಸಂಖ್ಯೆ ಹೇಳಿದರೆ ಬಣ್ಣ ಬೆರೆಸಿ ಕೊಡುತ್ತಾರೆ. ಸುಜುಕಿ, ಮಾರುತಿಗಳ ಸುಪೀರಿಯರ್ ವೈಟ್ ಬಣ್ಣಕ್ಕೆ 26ಯು ಎಂಬ ಸಂಕೇತವಿದೆ; ಪೊಲೀಸ್ ಅಥವಾ ರ್‍ಯಾಲಿಯ ಬಿಳಿ ಜಿಪ್ಸಿ ಮಾಡುವವರಿಗೆ ಇದಕ್ಕಿಂತ ಹತ್ತಿರದ ಬಿಳಿ ಹಾಬಿ ಡಬ್ಬಿಯಲ್ಲಿ ಸಿಗಲಾರದು. ಆದರೆ ಅದರ ಥಿನ್ನರ್ ತೀಕ್ಷ್ಣ. ಬರಿಯ ಪಾಲಿಸ್ಟೈರೀನ್ (ಕಿಟ್‌ನ ಪ್ಲಾಸ್ಟಿಕ್) ಮೇಲೆ ನೇರ ಹೊಡೆದರೆ ಪ್ಲಾಸ್ಟಿಕ್ ಕರಗಿ ಜಾಲರಿಯಂತೆ ಬಿರಿಯುತ್ತದೆ. ಮೊದಲು ಹಾಬಿ ಪ್ರೈಮರಿನ ಎರಡು ಪದರ, ಅದು ಪೂರ್ತಿ ಆರಿದ ಮೇಲೆ ಕಾರಿನ ಬಣ್ಣದ ಒಣ ಮಂಜಿನಂಥ ತೆಳು ಪದರಗಳು, ಕೊನೆಗಷ್ಟೇ ಒಂದು ತೇವದ ಪದರ.

ಎರಡು ಭಾಗಗಳನ್ನು ಬೆರೆಸಿ ಹೊಡೆಯುವ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಮಾತ್ರ ಮನೆಯೊಳಗೆ ಬೇಡವೇ ಬೇಡ. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಜೀವನಪರ್ಯಂತದ ಉಬ್ಬಸಕ್ಕೆ ದಾರಿಯಾಗಬಲ್ಲದು. ದ್ರಾವಕ ಆವಿಯಾಗಿ ಒಣಗುವ ಸಾಮಾನ್ಯ ಲ್ಯಾಕರ್ ಬಣ್ಣಕ್ಕೂ ಎನ್95 ಮುಖಗವಸು ಸಾಲದು, ಅದು ತಡೆಯುವುದು ಕಣವನ್ನು, ಆವಿಯನ್ನಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು.

ಕರಾವಳಿ ಕುಂಚ:

ಮಂಗಳೂರಿನವರಿಗೆ ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೆ: ಯಾವ ತಿಂಗಳಲ್ಲಿ ಬಣ್ಣ ಹಾಕುತ್ತೀರಿ? ಲ್ಯಾಕರಿನ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಹೀರಿಕೊಂಡು ಹೋಗುತ್ತದೆ. ತಂಪಾದ ಆ ಪದರದ ಮೇಲೆ ಗಾಳಿಯ ತೇವ ಹನಿಗಟ್ಟಿ ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ಕಪ್ಪು ಕಾರು ಬೂದಿ ಬಳಿದಂತಾಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಇದು ನಿತ್ಯದ ಅನುಭವ. ಒತ್ತಿ ಸಿಂಪಡಿಸುವ ಡಬ್ಬಿಯ ಬಣ್ಣಕ್ಕೆ ಪರಿಹಾರ ಕಡಿಮೆ, ಏಕೆಂದರೆ ಅದರ ಥಿನ್ನರನ್ನು ನಾವು ಬದಲಿಸಲಾರೆವು. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಉಪಕರಣ) ಇದ್ದರೆ ನಿಧಾನವಾಗಿ ಆವಿಯಾಗುವ ರಿಟಾರ್ಡರ್ ಬೆರೆತ ಥಿನ್ನರ್ ಬಳಸಬಹುದು. ಜಿಎಸ್ಐ ಕ್ರಿಯೋಸ್‌ನ ಮಿಸ್ಟರ್ ಲೆವೆಲಿಂಗ್ ಥಿನ್ನರ್ ಇದಕ್ಕೆ ಹೆಸರಾದದ್ದು. ಈಗಾಗಲೇ ಬಿಳಿಚಿದ ಪದರದ ಮೇಲೂ ಅದೇ ಥಿನ್ನರನ್ನು ಮಂಜಿನಂತೆ ಹೊಡೆದರೆ ಬಣ್ಣ ಮತ್ತೆ ಸಡಿಲಗೊಂಡು ತೇವವನ್ನು ಹೊರಗೆ ಬಿಡುತ್ತದೆ.

ಶೀತದೇಶದವರು ಕೊಡುವ ಒಂದು ಸಲಹೆಯನ್ನು ನಮ್ಮ ಹುಡುಗರು ಕಣ್ಣುಮುಚ್ಚಿ ಪಾಲಿಸುತ್ತಾರೆ: ಬಚ್ಚಲಲ್ಲಿ ಬಿಸಿನೀರು ಬಿಟ್ಟು ಹಬೆಯಿಂದ ಧೂಳನ್ನು ಕೂರಿಸಿ ಅಲ್ಲೇ ಬಣ್ಣ ಹೊಡೆಯುವುದು. ಚಳಿಗೆ ಮನೆ ಕಾಯಿಸಿ ಒಣಗಿಹೋದ ಗಾಳಿಗೆ ಅದು ಒಪ್ಪೀತು. ಉಳ್ಳಾಲದಲ್ಲಿ ಹಾಗೆ ಮಾಡುವುದೆಂದರೆ ತೊಂದರೆಯನ್ನು ಕೈಯಾರೆ ಕರೆದು ಕೂರಿಸಿದಂತೆ. ಕಂಪ್ರೆಸರಿನ ಕೊಳವೆಯಲ್ಲಿ ನೀರು ಹಿಡಿಯುವ ಬಟ್ಟಲು ಇಲ್ಲದಿದ್ದರೆ ನಡುವೆ ಒಂದು ಹನಿ ನೀರು ಉಗುಳಿ ಇಡೀ ಬಾನೆಟ್ ಕೆಡುತ್ತದೆ ಎಂಬುದೂ ನೆನಪಿರಲಿ.

ಬಿಸಿಲುನಾಡು:

ಕಲಬುರಗಿಯಲ್ಲಿ ನಮ್ಮ ಗೋಳು ಇದಕ್ಕೆ ತದ್ವಿರುದ್ಧ. ಏಪ್ರಿಲಿನ ಮಧ್ಯಾಹ್ನ ಬಣ್ಣದ ಹನಿ ಮಾದರಿಯನ್ನು ಮುಟ್ಟುವ ಮುಂಚೆಯೇ ಗಾಳಿಯಲ್ಲಿ ಅರೆ ಒಣಗಿ, ಪುಡಿಯಾಗಿ ಕೂರುತ್ತದೆ; ಮುಟ್ಟಿದರೆ ಮರಳುಕಾಗದ. ಒತ್ತಡವನ್ನು 15 ಪಿಎಸ್ಐ ಆಸುಪಾಸಿಗೆ ಇಳಿಸಿ, ನಳಿಕೆಯನ್ನು ಹತ್ತಿರ ಹಿಡಿದು, ಬೆಳಗಿನ ತಂಪಿನಲ್ಲಿ ಹೊಡೆಯುತ್ತೇನೆ. ವಿಚಿತ್ರವೆಂದರೆ ನನಗೂ ಪರಿಹಾರ ಕೊಟ್ಟದ್ದು ಅದೇ ರಿಟಾರ್ಡರ್ ಥಿನ್ನರ್. ಅಲ್ಲಿ ಅದು ಮೇಲ್ಮೈ ತೀರಾ ತಂಪಾಗದಂತೆ ನೋಡಿಕೊಂಡರೆ, ಇಲ್ಲಿ ಹನಿ ಒದ್ದೆಯಾಗಿಯೇ ಹೋಗಿ ಕೂತು ಹರಡಿಕೊಳ್ಳುವಂತೆ ನೋಡಿಕೊಳ್ಳುತ್ತದೆ. ಡಬ್ಬಿಯನ್ನು ಬೆಚ್ಚಗಿನ ನೀರಲ್ಲಿಟ್ಟು ಬಳಸಿ ಎಂಬ ಇನ್ನೊಂದು ಸಲಹೆಯೂ ನಮ್ಮೂರಿಗಲ್ಲ; ಬೇಸಿಗೆಯಲ್ಲಿ ಡಬ್ಬಿಯನ್ನು ನೆರಳಲ್ಲಿ ಇಡುವುದೇ ದೊಡ್ಡ ಕೆಲಸ.

ಶೋರೂಮ್ ಹೊಳಪು:

ಎಲ್ಲರೂ ಸೇರಿ ಇವರನ್ನು ಮಂಕು ಹಸಿರಿಗೆ ಒಪ್ಪಿಸುತ್ತಿರುವಂತಿದೆ. ಕಾರು ಮಾದರಿಯ ಹವ್ಯಾಸವನ್ನು ವಿಮಾನ, ಟ್ಯಾಂಕುಗಳ ಹವ್ಯಾಸದಿಂದ ಬೇರೆ ಮಾಡುವುದೇ ಹೊಳಪು ಎಂಬುದು ನನ್ನ ಮತ. ಬಿಳಿ ಜಿಪ್ಸಿ ಮಾಡಿ, ಕ್ಲಿಯರ್ ಹಾಕಿ, ಪದರ ಗಟ್ಟಿಯಾಗಲು ವಾರಗಟ್ಟಲೆ ಬಿಟ್ಟು 3000 ಸಂಖ್ಯೆಯ ನಯ ಉಜ್ಜುಕಾಗದದಿಂದ ಆರಂಭಿಸಿ ಹಂತ ಹಂತವಾಗಿ ಏರಿ, ಕೊನೆಗೆ ಟಾಮಿಯಾದ ಒರಟು, ನಯ, ಫಿನಿಶ್ ಎಂಬ ಮೂರು ಕಾಂಪೌಂಡ್‌ಗಳಿಂದ ಒರೆಸಿ. ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗು ಪೂರ್ತಿ ಹೋಗಿ, ಕಿಟಕಿಯ ಸರಳು ಬಾನೆಟ್ಟಿನಲ್ಲಿ ನೇರವಾಗಿ ಕಾಣುವವರೆಗೆ ಬಿಡಬಾರದು. ಅಂಚುಗಳನ್ನು ಮಾತ್ರ ಮಾಸ್ಕಿಂಗ್ ಟೇಪಿನಿಂದ ಕಾಪಾಡಿಕೊಳ್ಳಿ. ಬಣ್ಣ ಮೊದಲು ಸವೆಯುವುದು ಅಲ್ಲೇ.

ಜೆ.ಸಿ. ರಸ್ತೆಯ ಪೇಂಟರ್:

ಒಪ್ಪುವುದು ಕಷ್ಟ. ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ಎಲ್ಲ ಪದರ ಸೇರಿ ಸುಮಾರು ಮಿ.ಮೀ.ನ ಹತ್ತನೇ ಒಂದು ಭಾಗದಷ್ಟು ದಪ್ಪದ ಬಣ್ಣವಿರುತ್ತದೆ. ನಿಮ್ಮ ಮಾದರಿಯ ಮೇಲೂ ಅಷ್ಟೇ ದಪ್ಪ ಬಂದರೆ, ಅದನ್ನು 24 ಪಟ್ಟು ಹಿಗ್ಗಿಸಿ ನೋಡಿ: ನಿಜವಾದ ಜಿಪ್ಸಿಗೆ 2.4 ಮಿ.ಮೀ. ದಪ್ಪದ ಬಣ್ಣ ಮೆತ್ತಿದಂತೆ. ಬಾಗಿಲ ಸಂದು ತುಂಬಿಹೋಗುತ್ತದೆ, ಕೀಲು ಕರಗಿದ ಮೇಣದಂತಾಗುತ್ತದೆ. ಆಮೇಲೆ ನೀವು ಎಷ್ಟು ಒರೆಸಿದರೂ ಅದು ಸಕ್ಕರೆಪಾಕದಲ್ಲಿ ಅದ್ದಿದ ಕಾರೇ. ಅದೂ ಅಲ್ಲದೆ ಜಿಪ್ಸಿ ಹೊಸದಾಗಿ ಬಂದಾಗಲೂ ಆ ಮಟ್ಟಕ್ಕೆ ಹೊಳೆದದ್ದನ್ನು ನಾನು ಕಂಡಿಲ್ಲ; ಅದು ದುಡಿಮೆಯ ಗಾಡಿ. ಸೀದಾ ಒಂದೆರಡು ತೆಳು ಕ್ಲಿಯರ್ ಪದರ, ಧೂಳು ಕೂತ ಕಡೆ ಮಾತ್ರ ಒರೆಸುವಿಕೆ, ಅಷ್ಟಾದರೆ ಮಾದರಿ ಹೆಚ್ಚು ನಿಜ ಎನಿಸುತ್ತದೆ.

ಶೋರೂಮ್ ಹೊಳಪು:

ಲೆಕ್ಕ ಸರಿ, ತೀರ್ಮಾನ ಪೂರ್ತಿ ಸರಿಯಲ್ಲ. ಪ್ರೈಮರಿಗೆ ಮೊದಲೇ ಬಾಗಿಲ ಸಂದುಗಳನ್ನು ಚೂಪಾದ ಕೊಕ್ಕೆಯಿಂದ ಕೆತ್ತಿ ಆಳ ಮಾಡಿಕೊಂಡವರಿಗೆ ಸಂದು ತುಂಬುವ ಭಯ ಅಷ್ಟಿಲ್ಲ. ಒರೆಸುವಾಗ ಪದರ ತೆಳುವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಆದರೂ ಜಿಪ್ಸಿಯ ವಿಷಯಕ್ಕೆ ನಿಮ್ಮ ಮಾತನ್ನು ಒಪ್ಪುತ್ತೇನೆ, ಫೆರಾರಿಯ ವಿಷಯಕ್ಕಲ್ಲ.

ಇಪ್ಪತ್ನಾಲ್ಕನೇ ಪಾಲು:

ಬೆಸುಗೆಯ ಗೆರೆ ಮತ್ತೆ ಏಳುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ, ಮೂಲ ಪ್ರಶ್ನೆ ಅದೇ ಆಗಿತ್ತು. ಗೆರೆ ಏಳುವುದಕ್ಕೆ ಎರಡು ಕಾರಣಗಳಿವೆ. ಒಂದು, ಕಿಟ್‌ನ ಪ್ಲಾಸ್ಟಿಕ್ಕಿಗಿಂತ ತುಂಬಿದ ವಸ್ತು ಗಟ್ಟಿಯಾಗಿಯೋ ಮೆದುವಾಗಿಯೋ ಇದ್ದು, ಉಜ್ಜುವಾಗ ಎರಡೂ ಒಂದೇ ಪ್ರಮಾಣದಲ್ಲಿ ಸವೆಯದಿರುವುದು. ಇನ್ನೊಂದು, ಒಳಗೆ ಉಳಿದ ದ್ರಾವಕ ದಿನಕಳೆದಂತೆ ಹೊರಹೋಗಿ ಪುಟ್ಟಿ ಕುಗ್ಗುವುದು. ಮೇಲಿಂದ ಹೊಡೆದ ಲ್ಯಾಕರಿನ ದ್ರಾವಕವೂ ಅದನ್ನು ಮತ್ತೆ ಕೆದಕುತ್ತದೆ.

ಎರಡಕ್ಕೂ ಒಳ್ಳೆಯ ಮದ್ದು ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನ ಕಡ್ಡಿಗಳನ್ನೇ ಬಳಸುವುದು. ಅವನ್ನು ಸಣ್ಣಗೆ ಕತ್ತರಿಸಿ ಟಾಮಿಯಾ ಎಕ್ಸ್‌ಟ್ರಾ ತಿನ್ ಸಿಮೆಂಟಿನಲ್ಲಿ ನೆನೆಹಾಕಿದರೆ ಜೇನಿನಷ್ಟು ದಪ್ಪನೆಯ ಅಂಟು ಸಿದ್ಧವಾಗುತ್ತದೆ. ಆ ಸಿಮೆಂಟಿನಲ್ಲಿರುವುದು ಅಸಿಟೋನ್ ಮತ್ತು ಬ್ಯುಟೈಲ್ ಅಸಿಟೇಟ್. ಅವು ಪ್ಲಾಸ್ಟಿಕ್ಕನ್ನು ಕರಗಿಸಿ ತಾವು ಹಾರಿಹೋಗುತ್ತವೆ, ಉಳಿಯುವುದು ಅದೇ ಪ್ಲಾಸ್ಟಿಕ್. ಗಟ್ಟಿತನ ಒಂದೇ ಆದ್ದರಿಂದ ಸವೆತವೂ ಒಂದೇ. ಆದರೆ ದ್ರಾವಕ ಪೂರ್ತಿ ಹೋಗಲು ಹಲವು ವಾರ ಬೇಕು. ಅವಸರವಿದ್ದರೆ ಸೂಪರ್ ಗ್ಲೂ ಬಳಸಿ. ಅದು ಕುಗ್ಗುವುದಿಲ್ಲ, ಆದರೆ ಗಟ್ಟಿಯಾದ ಕೆಲವೇ ಗಂಟೆಗಳೊಳಗೆ ಉಜ್ಜಿ ಮುಗಿಸಬೇಕು, ಮರುದಿನಕ್ಕೆ ಅದು ಪಾಲಿಸ್ಟೈರೀನಿಗಿಂತ ಗಡುಸಾಗಿ ಸುತ್ತಲಿನ ಪ್ಲಾಸ್ಟಿಕ್ ಮಾತ್ರ ಸವೆಯುತ್ತದೆ.

ನಡುವಿನ ತುಂಡಿಗೂ ಪಾಲಿಸ್ಟೈರೀನ್ ಹಾಳೆಯೇ ಆಗಬೇಕು. ನಾಮಫಲಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸನ್‌ಬೋರ್ಡ್ ನೊರೆಗಟ್ಟಿದ ಪಿವಿಸಿ. ಈ ಸಿಮೆಂಟಿಗೆ ಅದು ಬೆಸೆದುಕೊಳ್ಳುವುದಿಲ್ಲ.

ಪದರ ಮುದ್ರಕ:

ಇಷ್ಟೆಲ್ಲ ಕತ್ತರಿಸುವ ಬದಲು ಇಡೀ ಮೈಯನ್ನು ರೆಸಿನ್ 3ಡಿ ಮುದ್ರಣದಲ್ಲಿ ತೆಗೆಯಬಹುದಲ್ಲವೇ? ಮಿ.ಮೀ.ನ ಇಪ್ಪತ್ತನೇ ಒಂದು ಭಾಗದಷ್ಟು ತೆಳು ಪದರಗಳಲ್ಲಿ ಮುದ್ರಿಸುವ ಯಂತ್ರಗಳು ಈಗ ಮನೆಗಳಲ್ಲೇ ಇವೆ.

ಇಪ್ಪತ್ನಾಲ್ಕನೇ ಪಾಲು:

ತೆಗೆಯಬಹುದು. ಆದರೆ ಓರೆಯಾದ ಬಾನೆಟ್ ಮೇಲೆ ಪದರದ ಗೆರೆಗಳು ಮೆಟ್ಟಿಲುಗಳಾಗಿ ನಿಲ್ಲುತ್ತವೆ, ಅವನ್ನು ಉಜ್ಜಿ ತೆಗೆಯುವ ಶ್ರಮ ಎರಡು ಬೆಸುಗೆ ಗೆರೆಗಳ ಶ್ರಮಕ್ಕಿಂತ ಹೆಚ್ಚು. ರೆಸಿನ್ನಿನ ಪುಡಿಯೂ ಉಸಿರಿಗೆ ಒಳ್ಳೆಯದಲ್ಲ. ಗ್ರಿಲ್, ಮಾಡಿನ ಕಮಾನುಕಡ್ಡಿ, ಜೆರ್ರಿ ಕ್ಯಾನ್, ಇವುಗಳನ್ನು ಮುದ್ರಿಸಿಕೊಳ್ಳಿ. ಮೈಗೆ ಹಾಸೆಗಾವಾದ ಉಕ್ಕಿನ ಅಚ್ಚು ಕೊಟ್ಟ ನುಣುಪನ್ನು ಬಿಡಬೇಡಿ.

ಆಲಿವ್ ಹಸಿರು:

ಎಲ್ಲರ ಮಾತನ್ನೂ ಓದಿ, ಕಿರಿದು ಟ್ರ್ಯಾಕಿನ ಕ್ಯಾನ್ವಾಸ್ ಮಾಡಿನ ಸೇನಾ ಜಿಪ್ಸಿಯನ್ನೇ ಮಾಡುವುದೆಂದು ನಿರ್ಧರಿಸಿದ್ದೇನೆ. ಮಂಕು ಬಣ್ಣವನ್ನು ಅಡಗುತಾಣ ಮಾಡಿಕೊಳ್ಳದೆ ಗೈಡ್ ಕೋಟ್ ಹಾಕಿಯೇ ಮುಂದುವರಿಯುತ್ತೇನೆ. ಎರಡು ಸಂದೇಹ ಉಳಿದಿವೆ. ಹಸಿರಿಗೆ ಟಾಮಿಯಾದ ಟಿಎಸ್-5 ಆಲಿವ್ ಡ್ರ್ಯಾಬ್ ಡಬ್ಬಿಯನ್ನೇ ಹೊಡೆದರೆ ಸಾಕೇ? ಕ್ಯಾನ್ವಾಸ್ ಮಾಡನ್ನು ಯಾವುದರಿಂದ ಮಾಡಬೇಕು?

ಕರಾವಳಿ ಕುಂಚ:

ಆಲಿವ್ ಡ್ರ್ಯಾಬ್ ಅಮೆರಿಕದ ಸೇನೆಯ ಕಂದು ಬೆರೆತ ಹಸಿರು. ನಮ್ಮ ವಾಹನಗಳ ಹಸಿರು ಅದಲ್ಲ. ನಮ್ಮ ದೇಶದ ಬಣ್ಣಗಳ ಮಾನಕವಾದ ಐಎಸ್ 5ರಲ್ಲಿ ಆಲಿವ್ ಹಸಿರು, ಡೀಪ್ ಬ್ರಾಂಜ್ ಹಸಿರು ಮುಂತಾದವಕ್ಕೆ ಪ್ರತ್ಯೇಕ ಸಂಖ್ಯೆಗಳಿವೆ. ಆ ಬಣ್ಣಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಬಾಟಲಿ ಬಣ್ಣಗಳನ್ನು ಬೆರೆಸಿ, ಕೊನೆಗೆ ಒಂದೆರಡು ಹನಿ ಬಿಳಿ ಸೇರಿಸಿ. ಚಿಕ್ಕ ವಸ್ತುವಿನ ಮೇಲೆ ಅದೇ ಬಣ್ಣ ಕಣ್ಣಿಗೆ ಹೆಚ್ಚು ಕಪ್ಪಾಗಿ ಕಾಣುತ್ತದೆ. ಬಳಸಿದ ಗಾಡಿಯಂತೆ ಕಾಣಬೇಕಾದರೆ ಕೆಸರಿನ ಬಣ್ಣವನ್ನು ಎನಾಮೆಲ್‌ನಲ್ಲಿ ತೆಳ್ಳಗೆ ಮಾಡಿ ಲ್ಯಾಕರಿನ ಮೇಲೆ ಹರಿಸಿ. ಲ್ಯಾಕರಿನ ಮೇಲೆ ಎನಾಮೆಲ್ ನಿಲ್ಲುತ್ತದೆ. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಪದರ ಸುಕ್ಕುಗಟ್ಟುತ್ತದೆ. ಮಡಿಕೇರಿಯ ಕೆಸರು ಕೆಂಪು, ರಾಯಚೂರಿನದು ಕಪ್ಪು. ಗಾಡಿ ಎಲ್ಲಿ ಓಡಿತೆಂದು ಮೊದಲು ನಿರ್ಧರಿಸಿಕೊಳ್ಳಿ.

ಹಮಾಮಾತ್ಸು ಕನ್ನಡಿಗ:

ಮಾಡಿಗೆ ನಿಜವಾದ ಬಟ್ಟೆ ಬೇಡ. ಎಷ್ಟು ನಯವಾದ ಬಟ್ಟೆಯಾದರೂ ಅದರ ನೇಯ್ಗೆ ಈ ಅಳತೆಯಲ್ಲಿ ಗೋಣಿತಾಟಿನಂತೆ ಕಾಣುತ್ತದೆ. ಎರಡು ಪದರದ ಟಿಶ್ಯೂ ಕಾಗದವನ್ನು ಬಿಡಿಸಿ ಒಂದೇ ಪದರ ತೆಗೆದುಕೊಂಡು, ಕಮಾನುಕಡ್ಡಿಗಳ ಮೇಲೆ ಹಾಸಿ, ನೀರು ಬೆರೆಸಿದ ಬಿಳಿ ಫೆವಿಕಾಲನ್ನು ಕುಂಚದ ತುದಿಯಿಂದ ಮುಟ್ಟಿಸುತ್ತ ಹೋದರೆ, ಒಣಗುವಾಗ ಅದು ತಾನೇ ಬಿಗಿದುಕೊಂಡು ಕಡ್ಡಿಗಳ ನಡುವೆ ಸಹಜವಾಗಿ ಜಗ್ಗುತ್ತದೆ. ಎರಡನೆಯ ಪದರವನ್ನು ಮೊದಲನೆಯದು ಒಣಗಿದ ಮೇಲೆ ಹಾಸಿ. ಅಂಚಿನ ಹೊಲಿಗೆಪಟ್ಟಿಗೆ ಮಾಸ್ಕಿಂಗ್ ಟೇಪಿನ ಒಂದು ಮಿ.ಮೀ. ಅಗಲದ ಎಳೆ ಸಾಕು.

ಆಲಿವ್ ಹಸಿರು:

ಮಾಡಿನ ಕಮಾನುಕಡ್ಡಿಗಳನ್ನು ಮುದ್ರಿಸಿಕೊಡಲು ಪದರ ಮುದ್ರಕರು ಒಪ್ಪಿದ್ದಾರೆ. ಅವರಿಗೆ ಕೊಡಲು ನಿಖರವಾದ ಒಳಅಳತೆ ಬೇಕು. ಅದು ಮೈ ಬೆಸೆದ ನಂತರವೇ ಸಿಗುವುದು. ಗಾಜಿನ ಹಲಗೆ, ಮೂಲೆಮಟ್ಟ ಸಿದ್ಧವಾಗಿವೆ, ಕಿಟ್‌ನ ಚೌಕಟ್ಟಿನ ಕಡ್ಡಿಯ ಚೂರುಗಳು ಸಿಮೆಂಟಿನಲ್ಲಿ ನೆನೆಯುತ್ತಿವೆ. ಹಮಾಮಾತ್ಸುವಿನವರು ಸಂಗ್ರಹಾಲಯಕ್ಕೆ ಹೋಗುವುದಾದರೆ ಹಿಂಗಾಲಿಯ ಕಮಾನಿನ ಒಳಮೈ ನೆಲದ ತಗಡನ್ನು ಸೇರುವ ಜಾಗದ ಚಿತ್ರವೊಂದನ್ನು ತೆಗೆದು ಹಾಕಬೇಕೆಂದು ಕೋರುತ್ತೇನೆ. ಕಿಟ್‌ನಲ್ಲಿ ಆ ಭಾಗ ಸೀಟಿನ ಕೆಳಗೆ ಮುಚ್ಚಿಹೋಗಿದೆ, ತೆರೆದ ಜಿಪ್ಸಿಯಲ್ಲಿ ಅದೇ ಮೊದಲು ಕಣ್ಣಿಗೆ ಬೀಳುತ್ತದೆ.